ಡಾರ್ಸೆಟ್ ಸೀಮೆಯ ನುಡಿ ಮತ್ತು ಊಟ: ವಿಲಿಯಂ ಬಾರ್ನ್ಸ್‌ನ ಬದುಕು

ಇಂಗ್ಲೆಂಡಿನ ನೈಋತ್ಯ ಭಾಗದ ಡಾರ್ಸೆಟ್ ಕೌಂಟಿ ನಮ್ಮ ಸಾಹಿತ್ಯಾಸಕ್ತರಿಗೆ ಪರಿಚಿತವಾಗಿರುವುದು ಥಾಮಸ್ ಹಾರ್ಡಿಯ ಕಾದಂಬರಿಗಳ ಮೂಲಕ. ಹಾರ್ಡಿಗಿಂತ ಒಂದು ತಲೆಮಾರು ಮೊದಲೇ ಆ ಸೀಮೆಯ ಆಡುನುಡಿಯನ್ನು ಕಾವ್ಯಕ್ಕೆ ತಂದು, ಅದಕ್ಕೆ ವ್ಯಾಕರಣವನ್ನೂ ಪದಕೋಶವನ್ನೂ ಕಟ್ಟಿಕೊಟ್ಟವನು ವಿಲಿಯಂ ಬಾರ್ನ್ಸ್ (1801-1886). ಅವನನ್ನು ಹಳ್ಳಿಯ ಸೊಗಸಿನ ಕವಿಯೆಂದು ಮೆಚ್ಚಿ ಬದಿಗಿಡುವ ರೂಢಿ ಬಹುಕಾಲದಿಂದ ಇದೆ. ಆದರೆ ಅವನ ಬದುಕನ್ನೂ ಬರೆಹವನ್ನೂ ಒಟ್ಟಿಗಿಟ್ಟು ಓದಿದರೆ ಅವನ ಸೀಮಾಭಿಮಾನದ ಬೇರು ನಷ್ಟದ ಅರಿವಿನಲ್ಲಿರುವುದು ಗೋಚರಿಸುತ್ತದೆ.

ಬಾರ್ನ್ಸ್ ಹುಟ್ಟಿದ್ದು ಬ್ಲ್ಯಾಕ್‌ಮೋರ್ ಕಣಿವೆಯ ಸ್ಟರ್ಮಿನ್‌ಸ್ಟರ್ ನ್ಯೂಟನ್ ಬಳಿಯ ಬ್ಯಾಗ್‌ಬರ್ ಎಂಬಲ್ಲಿ, ಒಕ್ಕಲು ಕುಟುಂಬದಲ್ಲಿ. ಕಣಿವೆಯ ಜೀವನಾಧಾರ ಹೈನುಗಾರಿಕೆ. ಬಾಲ್ಯದ ಬಹಳಷ್ಟು ದಿನಗಳನ್ನು ಅವನು ಕಳೆದ ಸೋದರತ್ತೆಯ ಮನೆಯ ಬೇಸಾಯ ನೆಪೋಲಿಯನ್ ಯುದ್ಧಗಳ ಅನಂತರದ ಬೆಲೆಕುಸಿತದಲ್ಲಿ ಕೈಬಿಟ್ಟುಹೋಯಿತು. ಅವನ ಕಾವ್ಯದಲ್ಲಿ ಮತ್ತೆ ಮತ್ತೆ ಬರುವ ಹಳೆಯ ಮನೆ, ಪರರ ಪಾಲಾದ ಹೊಲ, ಬರಿದಾದ ಅಂಗಳಗಳಿಗೆ ಇಲ್ಲಿ ಮೂಲವಿದೆ. ಹದಿಮೂರರ ಪ್ರಾಯದಲ್ಲಿ ಶಾಲೆ ಬಿಟ್ಟು ವಕೀಲರೊಬ್ಬರಲ್ಲಿ ಗುಮಾಸ್ತನಾದ ಅವನು 1818ರಲ್ಲಿ ಡಾರ್ಚೆಸ್ಟರ್ ಪಟ್ಟಣಕ್ಕೆ ಬಂದ. 1823ರಲ್ಲಿ ನೆರೆಯ ವಿಲ್ಟ್‌ಶೈರ್ ಕೌಂಟಿಯ ಮಿಯರ್ ಎಂಬ ಊರಿನಲ್ಲಿ ಶಾಲೆ ತೆರೆದ. 1827ರಲ್ಲಿ ಜೂಲಿಯಾ ಮೈಲ್ಸ್‌ಳನ್ನು ಮದುವೆಯಾದ. ಉಳಿದ ವಿದ್ಯೆಯೆಲ್ಲ ಸ್ವಂತ ಪರಿಶ್ರಮದ್ದು. 1835ರಲ್ಲಿ ಡಾರ್ಚೆಸ್ಟರ್‌ಗೆ ಮರಳಿದ ಮೇಲೂ ಉಪಾಧ್ಯಾಯ ವೃತ್ತಿಯನ್ನೇ ಮುಂದುವರಿಸಿದ.

ಅವನ ಮೊದಲ ಉಪಭಾಷಾ ಕವಿತೆಗಳು 1834ರಲ್ಲಿ ಸ್ಥಳೀಯ ವಾರಪತ್ರಿಕೆಯಾದ ‘ಡಾರ್ಸೆಟ್ ಕೌಂಟಿ ಕ್ರಾನಿಕಲ್’ನಲ್ಲಿ ಪ್ರಕಟವಾದವು. ಈ ವರ್ಷ ಗಮನಾರ್ಹವಾದುದು. ಕೂಲಿಯ ಇಳಿಕೆಯನ್ನು ಎದುರಿಸಲು ಸಂಘ ಕಟ್ಟಿದ ಟೋಲ್‌ಪಡಲ್ ಗ್ರಾಮದ ಆರು ಮಂದಿ ಕೃಷಿಕಾರ್ಮಿಕರಿಗೆ ಆ ವರ್ಷದ ಮಾರ್ಚ್‌ನಲ್ಲಿ ಡಾರ್ಚೆಸ್ಟರ್ ನ್ಯಾಯಾಲಯ ಏಳು ವರ್ಷಗಳ ಗಡೀಪಾರು ವಿಧಿಸಿತು. ಬಾರ್ನ್ಸ್ ಆ ಪ್ರಕರಣವನ್ನು ಕಾವ್ಯದ ವಸ್ತುವಾಗಿಸಲಿಲ್ಲ. ಆದರೆ ಆ ಜನರ ಹಸಿವಿನ ಕಾರಣವನ್ನು ಅವನು ಕೆಲವೇ ವಾರಗಳ ಮೊದಲು ಬರೆದಿದ್ದ. ಮುಂದೆ ‘ದ ಕಾಮನ್ ಎ-ಟುಕ್ ಇನ್’ ಎಂಬ ಹೆಸರು ಪಡೆದ ಸಂವಾದ ಕವಿತೆಯಲ್ಲಿ ಇಬ್ಬರು ಹಳ್ಳಿಗರು ತಮ್ಮೂರ ಗೋಮಾಳಕ್ಕೆ ಬೇಲಿ ಬೀಳುತ್ತಿರುವುದನ್ನು ಮಾತಾಡಿಕೊಳ್ಳುತ್ತಾರೆ. ಗೋಮಾಳ ಹೋದರೆ ಬಡವನ ಹಸು ಹೋಗುತ್ತದೆ, ಬಾತು ಹೋಗುತ್ತದೆ, ಒಲೆಗೆ ಬೇಕಾದ ಸೌದೆಯೂ ಹೋಗುತ್ತದೆ. ಹೀಗೆ ಡಾರ್ಸೆಟ್ ನುಡಿ ಅವನ ಕೈಯಲ್ಲಿ ಮೊದಲಿಗೆ ಹೊರಟದ್ದು ಅನ್ನದ ಮೂಲವನ್ನು ಕುರಿತ ಮಾತಾಗಿ. ಪ್ರತಿಭಟನೆಯ ದನಿ ಇಲ್ಲಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಅಳಲು ತೋಡಿಕೊಳ್ಳುವವರ ನುಡಿಯಲ್ಲೇ ಅದನ್ನು ಅಚ್ಚು ಮಾಡಿಸಿದ್ದು ಸಣ್ಣ ಕೆಲಸವಲ್ಲ ಎಂಬುದನ್ನು ಅವರು ಮರೆಯಬಾರದು.

1844ರಲ್ಲಿ ಬಂದ ಮೊದಲ ಸಂಕಲನಕ್ಕೆ ಬಾರ್ನ್ಸ್ ಒಂದು ಪ್ರಬಂಧವನ್ನೂ ಪದಕೋಶವನ್ನೂ ಸೇರಿಸಿದ. ಡಾರ್ಸೆಟ್ ನುಡಿ ಕೆಟ್ಟ ಇಂಗ್ಲಿಷ್ ಅಲ್ಲ, ಪ್ರಾಚೀನ ವೆಸೆಕ್ಸ್ ರಾಜ್ಯದ ಸ್ಯಾಕ್ಸನ್ ಭಾಷೆಯ ನೇರ ಸಂತಾನ ಎಂಬುದು ಅವನ ವಾದ. 1863ರ ವ್ಯಾಕರಣದಲ್ಲಿ ಅದನ್ನು ಅವನು ಮತ್ತಷ್ಟು ಬೆಳೆಸಿದ. ಅವನು ಗುರುತಿಸಿದ ಲಕ್ಷಣಗಳಲ್ಲಿ ಒಂದನ್ನಾದರೂ ಇಲ್ಲಿ ಹೇಳಬೇಕು. ಮರದಂತಹ ಆಕಾರವುಳ್ಳ ಬಿಡಿ ವಸ್ತುಗಳಿಗೆ ಒಂದು ಬಗೆಯ ದರ್ಶಕ ಸರ್ವನಾಮ, ನೀರಿನಂತಹ ಆಕಾರವಿಲ್ಲದ ರಾಶಿವಸ್ತುಗಳಿಗೆ ಇನ್ನೊಂದು ಬಗೆ. ಮೊದಲನೆಯ ವರ್ಗದ ಜಡವಸ್ತುವನ್ನು ಜನ ‘ಅವನು’ ಎಂದೇ ಕರೆಯುತ್ತಾರೆ. ಶಿಷ್ಟ ಇಂಗ್ಲಿಷಿನಲ್ಲಿಲ್ಲದ ಈ ವಿವೇಚನೆ ಅಕ್ಷರವರಿಯದ ಕೂಲಿಗಾರನ ಬಾಯಲ್ಲಿ ತಪ್ಪಿಲ್ಲದೆ ನಡೆಯುತ್ತಿತ್ತು. ಗ್ರಾಮ್ಯವೆಂದು ಕಡೆಗಣಿಸಿದ ನುಡಿಯಲ್ಲಿ ಕಟ್ಟುನಿಟ್ಟಾದ ನಿಯಮವಿದೆ ಎಂದು ತೋರಿಸಿದ್ದು ಅವನ ಶಾಸ್ತ್ರಕಾರ್ಯದ ಸತ್ವ.

ಈ ಎರಡು ಎಳೆಗಳೂ, ಅಂದರೆ ನುಡಿ ಮತ್ತು ಊಟ, ಒಂದೆಡೆ ಕೂಡುವುದು ‘ಪ್ರೇಸ್ ಓ ಡಾರ್ಸೆಟ್’ ಕವಿತೆಯಲ್ಲಿ. ತಾವು ಒರಟರೆಂದು ಹೊರಗಿನವರು ಹೇಳಿಯಾರು, ಬಂದು ನೋಡಲಿ ಎಂಬ ಧಾಟಿಯ ಈ ಕವಿತೆ ಅತಿಥಿಯ ಮುಂದೆ ಕಂದು ಬ್ರೆಡ್ಡು, ‘ವಿನಿ’ ಚೀಸ್, ಬೆಣ್ಣೆ, ಬಟ್ಟಲು ತುಂಬ ಕೆನೆಯನ್ನು ಇಡುತ್ತದೆ. ವಿನಿ ಎಂದರೆ ಬೂಸ್ಟು ಹಿಡಿದದ್ದು. ಹಳೆಯ ಇಂಗ್ಲಿಷಿನ ‘ಫಿನಿಗ್’ ಎಂಬ ಪದದ ಆದಿಯ ಫಕಾರ ಡಾರ್ಸೆಟ್ ಉಚ್ಚಾರಣೆಯಲ್ಲಿ ವಕಾರವಾಗಿದೆ. ಈ ನೀಲಿಗೆರೆಯ ಚೀಸಿನ ಹುಟ್ಟು ಹೈನುಗಾರಿಕೆಯ ಲೆಕ್ಕಾಚಾರಕ್ಕೆ ಸೇರಿದ್ದು. ಕೆನೆ ತೆಗೆದು ಬೆಣ್ಣೆ ಮಾಡಿ ಪೇಟೆಗೆ ಕಳುಹಿಸಿದ ಮೇಲೆ ಉಳಿಯುತ್ತಿದ್ದ ತೆಳು ಹಾಲಿನಿಂದ ಅದನ್ನು ತಯಾರಿಸುತ್ತಿದ್ದರು. ಅಂದರೆ ಅದು ಮಿಕ್ಕದ್ದರ ಚೀಸ್. ಬೆಣ್ಣೆ ಮಾರಾಟಕ್ಕೆ, ವಿನಿ ಮನೆಗೆ. ಕವಿತೆಯಲ್ಲಾದರೋ ಕೆನೆ, ಬೆಣ್ಣೆ, ವಿನಿ ಮೂರೂ ಒಂದೇ ಮೇಜಿನ ಮೇಲಿವೆ. ಕೂಲಿಗಾರನ ಮನೆಯಲ್ಲಿ ಅಪರೂಪವಾಗಿದ್ದ ಈ ಸಮೃದ್ಧಿಯನ್ನು ಕೇವಲ ಆದರ್ಶೀಕರಣವೆಂದು ತಳ್ಳಿಹಾಕಬಹುದು. ಆದರೆ ಸುಗ್ಗಿಯ ಊಟವನ್ನು ಚಿತ್ರಿಸುವ ‘ಹಾರ್ವೆಸ್ಟ್ ಹ್ವೋಮ್’ನಂತಹ ಕವಿತೆಗಳೊಡನೆ ಇಟ್ಟು ನೋಡಿದಾಗ, ದುಡಿದವನಿಗೂ ಆ ಮೇಜಿನಲ್ಲಿ ಹಕ್ಕಿದೆ ಎಂಬ ನಿಲುವೇ ಮುಂದಾಗುತ್ತದೆ. 1859ರಲ್ಲಿ ಅವನು ದುಡಿಮೆ ಮತ್ತು ಹೊನ್ನನ್ನು ಕುರಿತು ಒಂದು ಅರ್ಥಶಾಸ್ತ್ರೀಯ ಪುಸ್ತಕವನ್ನೇ ಬರೆದನೆಂಬುದು ಈ ಓದಿಗೆ ಪೂರಕ.

1847ರಲ್ಲಿ ಬಾರ್ನ್ಸ್ ಪಾದ್ರಿಯಾಗಿ ದೀಕ್ಷೆ ಪಡೆದ. ಹಲವು ವರ್ಷಗಳ ಬಿಡುವಿನ ವ್ಯಾಸಂಗದ ಫಲವಾಗಿ 1850ರಲ್ಲಿ ಕೇಂಬ್ರಿಜ್‌ನಿಂದ ದೈವಶಾಸ್ತ್ರದ ಪದವಿ ದೊರೆಯಿತು. 1852ರಲ್ಲಿ ಜೂಲಿಯಾ ತೀರಿಕೊಂಡಳು. ಇಟಾಲಿಯನ್ ಭಾಷೆಯಲ್ಲಿದ್ದ ತನ್ನ ದಿನಚರಿಯಲ್ಲಿ ಅವನು ಅವಳ ಹೆಸರನ್ನು ನಿತ್ಯ ಬರೆಯುತ್ತಿದ್ದ. ಅವಳ ನೆನಪಿನ ‘ವೋಕ್ ಹಿಲ್’ ಕವಿತೆಯಲ್ಲಿ ಪಾರಸಿ ಛಂದಸ್ಸಿನ ಒಳಪ್ರಾಸದ ತಂತ್ರವನ್ನು ಡಾರ್ಸೆಟ್ ನುಡಿಗೆ ಒಗ್ಗಿಸಿದ. ಅರುವತ್ತಕ್ಕೂ ಹೆಚ್ಚು ಭಾಷೆಗಳನ್ನು ಆಧರಿಸಿದ ಅವನ ಭಾಷಾಶಾಸ್ತ್ರೀಯ ವ್ಯಾಕರಣ 1854ರಲ್ಲಿ ಪ್ರಕಟವಾಯಿತು. ಹಿಂದೂಸ್ತಾನಿಯನ್ನೂ ಅವನು ಬಲ್ಲ. ಅವನಲ್ಲಿ ಕಲಿತ ಹೂಪರ್ ಟಾಲ್ಬರ್ಟ್ ಎಂಬ ವಿದ್ಯಾರ್ಥಿ ಭಾರತೀಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮೊದಲಿಗನಾದ. ಸೀಮೆಯ ನುಡಿಗೆ ನಿಷ್ಠನಾದವನ ದೃಷ್ಟಿಯೂ ಸೀಮಿತವಾಗಿರುತ್ತದೆ ಎಂಬ ಗ್ರಹಿಕೆಗೆ ಬಾರ್ನ್ಸ್ ಒಳ್ಳೆಯ ಅಪವಾದ.

1862ರಲ್ಲಿ ಅವನು ವಿಂಟರ್‌ಬೋರ್ನ್ ಕೇಮ್‌ನ ಪಾದ್ರಿಯಾಗಿ ಅಲ್ಲಿನ ಹುಲ್ಲುಹೊದಿಕೆಯ ಮನೆಯಲ್ಲಿ ನೆಲೆನಿಂತ. 1878ರ ‘ಸ್ಪೀಚ್-ಕ್ರಾಫ್ಟ್’ ಕೃತಿಯಲ್ಲಿ ಲ್ಯಾಟಿನ್, ಗ್ರೀಕ್ ಪದಗಳನ್ನು ತೊರೆದು ಅಚ್ಚ ಇಂಗ್ಲಿಷ್ ಪಾರಿಭಾಷಿಕಗಳನ್ನು ಟಂಕಿಸಿದ. ವ್ಯಾಕರಣಕ್ಕೆ ‘ನುಡಿಗೆಯ್ಮೆ’ ಎಂಬರ್ಥದ ಶೀರ್ಷಿಕೆಯ ಪದವನ್ನೇ ಬಳಸಿದ. ಈ ಪ್ರಯೋಗ ಬೇರೂರಲಿಲ್ಲ. ಜನರ ಬಾಯಿಂದ ಆಯ್ದ ಮಾತಿಗಿದ್ದ ಜೀವ ಮೇಜಿನ ಮುಂದೆ ಕೂತು ಟಂಕಿಸಿದ ಮಾತಿಗೆ ಬಾರದು ಎಂಬುದು ಅವನ ಕಾವ್ಯವನ್ನೂ ಈ ಕೃತಿಯನ್ನೂ ಹೋಲಿಸಿದಾಗ ಎದ್ದುಕಾಣುತ್ತದೆ.

ಅಷ್ಟರಲ್ಲಿ ಸೀಮೆಯೇ ಬದಲಾಗುತ್ತಿತ್ತು. 1847ರಲ್ಲಿ ಡಾರ್ಚೆಸ್ಟರ್‌ಗೂ 1863ರಲ್ಲಿ ಸ್ಟರ್ಮಿನ್‌ಸ್ಟರ್ ನ್ಯೂಟನ್‌ಗೂ ರೈಲು ಬಂತು. ಹಾಲು ಹಾಲಾಗಿಯೇ ದೂರದ ನಗರಗಳಿಗೆ ಹೋಗತೊಡಗಿದ ಮೇಲೆ ಮನೆಯ ಚೀಸಿಗೆ ಕಾರಣವೇ ಉಳಿಯಲಿಲ್ಲ. 1870ರ ಶಿಕ್ಷಣ ಕಾಯಿದೆಯ ತರುವಾಯ ಹಬ್ಬಿದ ಶಾಲೆಗಳು ಮಕ್ಕಳಿಗೆ ಶಿಷ್ಟ ಇಂಗ್ಲಿಷನ್ನು ಕಲಿಸಿದವು. ಬಾರ್ನ್ಸ್‌ನ ಶಾಲೆಯ ಪಕ್ಕದ ಕಚೇರಿಯಲ್ಲಿ ವಾಸ್ತುಶಿಲ್ಪ ಕಲಿಯುತ್ತಿದ್ದ ದಿನಗಳಿಂದ ಅವನನ್ನು ಬಲ್ಲ ಹಾರ್ಡಿ, ಹಳೆಯ ಕಾಲದ ಉಡುಗೆಯ ಈ ಮುದಿ ಪಾದ್ರಿ ಪಟ್ಟಣದ ಗಡಿಯಾರದೆದುರು ನಿಂತು ತನ್ನ ಕೈಗಡಿಯಾರವಲ್ಲದ ಜೇಬುಗಡಿಯಾರವನ್ನು ಲಂಡನ್ ಸಮಯಕ್ಕೆ ಹೊಂದಿಸಿಕೊಳ್ಳುತ್ತಿದ್ದುದನ್ನು ದಾಖಲಿಸಿದ್ದಾನೆ.

ಬಾರ್ನ್ಸ್ 1886ರ ಅಕ್ಟೋಬರ್ 7ರಂದು ನಿಧನನಾದ. 1889ರಲ್ಲಿ ಡಾರ್ಚೆಸ್ಟರ್‌ನ ಸೇಂಟ್ ಪೀಟರ್ ಚರ್ಚಿನ ಬಳಿ ಅವನ ಪ್ರತಿಮೆಯನ್ನು ನಿಲ್ಲಿಸಲಾಯಿತು. 1908ರಲ್ಲಿ ಅವನ ಆಯ್ದ ಕವಿತೆಗಳನ್ನು ಸಂಪಾದಿಸಿದ ಹಾರ್ಡಿ, ಆ ನುಡಿ ಸದ್ದಿಲ್ಲದೆ ಅಳಿಯುತ್ತಿರುವುದನ್ನು ಪ್ರಸ್ತಾವನೆಯಲ್ಲಿ ಗುರುತಿಸಿದ. ವಾನ್ ವಿಲಿಯಮ್ಸ್ 1901ರಲ್ಲಿ ರಾಗ ಹಾಕಿದ ‘ಲಿಂಡೆನ್ ಲೀ’ ಲೋಕಪ್ರಿಯವಾಯಿತಾದರೂ ಗಾಯಕರು ಸಾಮಾನ್ಯವಾಗಿ ಹಾಡುವುದು ಅದರ ಶಿಷ್ಟ ಇಂಗ್ಲಿಷ್ ರೂಪವನ್ನು. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಹೆಚ್ಚುಕಡಿಮೆ ನಿಂತೇಹೋಗಿದ್ದ ವಿನಿ ಚೀಸಿನ ತಯಾರಿಕೆ 1980ರ ದಶಕದಲ್ಲಿ ಸ್ಟರ್ಮಿನ್‌ಸ್ಟರ್ ನ್ಯೂಟನ್‌ನ ಆಸುಪಾಸಿನಲ್ಲೇ ಮತ್ತೆ ಆರಂಭವಾಯಿತು. ‘ಡಾರ್ಸೆಟ್ ಬ್ಲೂ ವಿನಿ’ ಎಂದು ಈಗ ಅಂಗಡಿಗಳಲ್ಲಿ ಮಾರಾಟವಾಗುವ ಅದರ ಹೆಸರಿನಲ್ಲಿ ಆ ಹಳೆಯ ವಕಾರ ಹಾಗೆಯೇ ಉಳಿದಿದೆ.