ಬೆಣಚುಕಲ್ಲಿನ ಒಳಗುಟ್ಟು ಕಂಡ ರಾಮನ್ನರು

ನವೆಂಬರ್ ಕನ್ನಡಿಗರ ಹಬ್ಬದ ತಿಂಗಳು. ಸರ್ ಸಿ. ವಿ. ರಾಮನ್ನರು ಹುಟ್ಟಿದ್ದೂ ಕಣ್ಮುಚ್ಚಿದ್ದೂ ಇದೇ ತಿಂಗಳಿನಲ್ಲಿ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಈ ಮಹನೀಯರ ಮನೆಮಾತು ತಮಿಳಾದರೂ, 1933ರಿಂದ ಕಡೆಯವರೆಗೆ ಅವರು ಬೆಂಗಳೂರಿನವರೇ ಆಗಿದ್ದರು.

ಡೊಂಬಿವಿಲಿಯಿಂದ ಲೋಕಲ್ ಹಿಡಿದು ಬ್ಯಾಂಕಿಗೆ ಹೋಗಿ ಜಮಾಖರ್ಚು ತಾಳೆ ನೋಡುವ ನಮ್ಮಂಥವರಿಗೆ ಅವರು ಇನ್ನೊಂದು ಕಾರಣದಿಂದಲೂ ಆಪ್ತರು. 1907ರಿಂದ 1917ರವರೆಗೆ ಅವರೂ ಸರ್ಕಾರದ ಹಣಕಾಸು ಇಲಾಖೆಯ ಲೆಕ್ಕದವರೇ. ಕಲ್ಕತ್ತೆಯಲ್ಲಿ ಕಚೇರಿಗೆ ಮುಂಚೆ ಮತ್ತು ಕಚೇರಿಯ ತರುವಾಯ ಬೌಬಜಾರಿನ ವಿಜ್ಞಾನ ಸಂಘದಲ್ಲಿ ಪ್ರಯೋಗ ನಡೆಸುತ್ತಿದ್ದರು. ಕೊನೆಗೆ ಆ ದೊಡ್ಡ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. 1928ರ ಬೆಳಕಿನ ಶೋಧ, 1930ರ ನೊಬೆಲ್ ಬಹುಮಾನ ಎಲ್ಲರೂ ಬಲ್ಲ ಸಂಗತಿಗಳು.

ಅಷ್ಟಾಗಿ ಬೆಳಕಿಗೆ ಬಾರದ ಕೆಲಸವೊಂದುಂಟು. ಬೆಣಚುಕಲ್ಲು ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಹರಳು. 573 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಅದು ಕರಗುವುದಿಲ್ಲ. ಆದರೆ ಒಳಗಿನ ಪರಮಾಣುಗಳ ಜೋಡಣೆ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರೂ ಶ್ರೀ ನೆಡುಂಗಾಡಿಯವರೂ ಹರಳನ್ನು ಕಾಯಿಸುತ್ತ, ಅದರಿಂದ ಚದುರಿ ಬಂದ ಬೆಳಕನ್ನು ಪರೀಕ್ಷಿಸಿದರು. ಬಿಸಿ ಏರಿದಂತೆ ಒಂದು ಗೆರೆ ಮಾತ್ರ ಮಿಕ್ಕವುಗಳಂತಿರದೆ ಹರಡಿ, ಮಸುಕಾಗುತ್ತ ಹೋಯಿತು. ಆ ಗೆರೆಯ ಹಿಂದಿರುವ ಕಂಪನವೇ ರೂಪಾಂತರಕ್ಕೆ ಕಾರಣವೆಂದು 1940ರಲ್ಲಿ ಅವರು ಪ್ರಕಟಿಸಿದರು.

ಹರಳು ಆರುವಾಗ ನಡೆಯುವುದು ಇನ್ನೂ ಸ್ವಾರಸ್ಯ. ಕಲ್ಯಾಣದಲ್ಲಿ ರೈಲುಹಾದಿ ಕಸಾರೆಗೆ ಒಂದು, ಕರ್ಜತ್ತಿಗೆ ಒಂದು ಎಂದು ಕವಲೊಡೆಯುವುದಿಲ್ಲವೇ? ಹಾಗೆಯೇ ಪರಮಾಣುಗಳ ಮುಂದೆ ಎರಡು ಸರಿಸಮನಾದ ದಾರಿಗಳಿರುತ್ತವೆ. ಹರಳಿನ ಒಂದು ಭಾಗ ಒಂದನ್ನೂ ಮತ್ತೊಂದು ಭಾಗ ಇನ್ನೊಂದನ್ನೂ ಹಿಡಿದರೆ, ಒಂದೇ ಕಲ್ಲಿನಲ್ಲಿ ಎರಡು ವಲಯಗಳಾಗಿ ನಡುವೆ ಗಡಿ ಬೀಳುತ್ತದೆ. ಕಣ್ಣಿಗೆ ಕಲ್ಲು ನಿರ್ಮಲವೇ. ಆದರೆ ಎರಡು ವಲಯಗಳ ವಿದ್ಯುದ್ಗುಣ ಒಂದಕ್ಕೊಂದು ವಿರುದ್ಧವಾದ್ದರಿಂದ, ಇಂಥ ಅವಳಿಹರಳು ಗಡಿಯಾರಕ್ಕೂ ರೇಡಿಯೋಕ್ಕೂ ಒದಗದು.

ಸುಮಾರು 20 ವರ್ಷಗಳ ಮೇಲೆ ಬ್ರಿಟನ್ನಿನ ಕಾಕ್ರನ್, ಅಮೆರಿಕೆಯ ಆಂಡರ್ಸನ್ ಎಂಬ ವಿದ್ವಾಂಸರು ಬೇರೆ ಹರಳುಗಳನ್ನು ಕುರಿತು, ಕಂಪನ ಮೆತ್ತಗಾಗುವುದರಿಂದಲೇ ರೂಪಾಂತರವೆಂಬ ಸಿದ್ಧಾಂತವನ್ನು ಮಂಡಿಸಿದರು. ಬೆಂಗಳೂರಿನ ಆ ಮಸುಕು ಗೆರೆಯ ಬೆಲೆ ಆಗ ಲೋಕಕ್ಕೆ ತಿಳಿಯಿತು.

1970ರ ನವೆಂಬರ್ 21ರಂದು ರಾಮನ್ನರು ತೀರಿಕೊಂಡರು. ತಾವೇ ಕಟ್ಟಿದ ಸಂಸ್ಥೆಯ ತೋಟದಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು. ಕಚೇರಿಯ ಗಂಟೆಗಳ ಆಚೆ ಉಳಿಯುವ ಹೊತ್ತು ಅಲ್ಪವೆಂದು ನಾವು ಕೊರಗುತ್ತೇವೆ. ಆ ಅಲ್ಪ ಹೊತ್ತಿನಿಂದಲೇ ಮೊದಲಾದ ಬಾಳು ಇದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳೋಣ.