ಮಿರ್ಜಾನ ಕೋಟೆಯ ರಾಣಿ ಚೆನ್ನಭೈರಾದೇವಿ

ಕುಮಟಾ ಸಮೀಪ ಅಘನಾಶಿನಿ ದಡದ ಮಿರ್ಜಾನ ಕೋಟೆಯನ್ನು ಕಟ್ಟಿಸಿದವರೆಂದು ಹೆಸರಾದವರು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. ಸಾಳುವ ವಂಶದ ಇವರು 1552ರಿಂದ 1606ರವರೆಗೆ, 54 ವರ್ಷ ರಾಜ್ಯವಾಳಿದರು. ಘಟ್ಟದ ಕಾಳುಮೆಣಸು ಇವರ ಬಂದರುಗಳಿಂದ ಹಡಗೇರುತ್ತಿತ್ತು. ಪೋರ್ಚುಗೀಸರು ಇವರನ್ನು ಮೆಣಸಿನ ರಾಣಿ ಎಂದೇ ಕರೆದರು. ಆ ಹೆಸರು ವ್ಯಾಪಾರವನ್ನಷ್ಟೇ ಹೇಳುತ್ತದೆ. ಅದೇ ಪೋರ್ಚುಗೀಸರ ಮತಪೀಡನೆಗೆ ಬೆದರಿ ಗೋವಾ ಬಿಟ್ಟು ಬಂದ ಸಾರಸ್ವತ ಕುಟುಂಬಗಳಿಗೆ ತಮ್ಮ ಸೀಮೆಯಲ್ಲಿ ನೆಲೆ ಕೊಟ್ಟವರೂ ಇವರೇ. ತಾವು ಜಿನಭಕ್ತೆಯಾಗಿದ್ದೂ ಬಂದವರ ದೇವರು ಯಾರೆಂದು ನೋಡಲಿಲ್ಲ. ಅಭಯದಾನದ ಮಾತನ್ನು ಬಸದಿಯಲ್ಲಿ ನಾವೆಲ್ಲ ಕೇಳುತ್ತೇವೆ. ಮೆಣಸು ಕೊಳ್ಳುವವರಿಗೇ ಎದುರಾಗಿ ಅದನ್ನು ನಡೆಸುವುದು ಸಣ್ಣ ಸಂಗತಿಯಲ್ಲ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕರಿಗೆ ಸೋತು, ಇಕ್ಕೇರಿಯ ಸೆರೆಯಲ್ಲಿ ಕಣ್ಣು ಮುಚ್ಚಿದರು.