ಶಾಂತವೇರಿ ಗೋಪಾಲಗೌಡರು

ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆರಗದ ಸಮೀಪ, ಶಾಂತವೇರಿ ಎಂಬ ಚಿಕ್ಕ ಊರಿದೆ. ಈ ಊರಿನ ಹೆಸರನ್ನು ನಾಡಿನವರೆಲ್ಲ ಅರಿಯುವಂತೆ ಮಾಡಿದ ಗೋಪಾಲಗೌಡರು ಜನಿಸಿದ್ದು 1923ನೆಯ ಮಾರ್ಚ್ 14ರಂದು. ಮನೆಯಲ್ಲಿ ಬಡತನವಿತ್ತು.

ಆ ಕಾಲದಲ್ಲಿ ಮಲೆನಾಡಿನ ಹುಡುಗನೊಬ್ಬ ರಾಜ್ಯಶಾಸ್ತ್ರವನ್ನು ಓದಿ ವಕೀಲನಾಗಬೇಕೆಂದರೆ ದಾರಿ ದೀರ್ಘವಾಗಿತ್ತು. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್, ಮೈಸೂರಿನಲ್ಲಿ ಬಿ.ಎ., ಅನಂತರ ಕಾನೂನಿನ ವ್ಯಾಸಂಗ. ರಾಜ್ಯವೆಂದರೇನು, ಹಕ್ಕೆಂದರೇನು, ಕಾನೂನಿಗೆ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳನ್ನು ಬಿ.ಎ. ತರಗತಿಯಲ್ಲಿ ಕಲಿತವರು ಮುಂದೆ ನ್ಯಾಯಾಲಯದಲ್ಲಿ ಅವನ್ನೇ ಆಧಾರವಾಗಿಟ್ಟುಕೊಂಡು ವಾದಿಸುತ್ತಿದ್ದರು. ಅದೇ ತಾಲ್ಲೂಕಿನ ಕಡಿದಾಳು ಮಂಜಪ್ಪನವರು ಹೀಗೆ ಓದಿ ವಕೀಲರಾದರು, ಕಂದಾಯ ಮಂತ್ರಿಗಳಾದರು, 1956ರಲ್ಲಿ ಕೆಲಕಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಆದರು. ಗೋಪಾಲಗೌಡರ ಓದು ಇಂಟರ್‌ಮೀಡಿಯೆಟ್ಟಿನಿಂದ ಮುಂದೆ ಸಾಗಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಎಳೆಯ ವಯಸ್ಸಿನಲ್ಲಿಯೇ ಸೆರೆವಾಸ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ಸಮಾಜವಾದಿ ಪಕ್ಷಕ್ಕೆ ಸೆಳೆದವು. ಪುಸ್ತಕಗಳ ಹಸಿವು ಮಾತ್ರ ಕೊನೆಯವರೆಗೂ ಹಿಂಗಲಿಲ್ಲ.

ಅವರಿಗೆ ರಾಜ್ಯಶಾಸ್ತ್ರದ ನಿಜವಾದ ತರಗತಿ ದೊರೆತದ್ದು ಸಾಗರದ ಸಮೀಪದ ಕಾಗೋಡಿನಲ್ಲಿ. ಅಲ್ಲಿನ ವ್ಯಾಜ್ಯಕ್ಕೆ ಮೂಲ ಒಂದು ಕೊಳಗ. ಗೇಣಿದಾರರು ಒಡೆಯರಿಗೆ ಭತ್ತ ಅಳೆದು ಕೊಡುವಾಗ ರೂಢಿಯ ಕೊಳಗಕ್ಕಿಂತ ದೊಡ್ಡದಾದ ಕೊಳಗವನ್ನು ಬಳಸಲಾಗುತ್ತಿತ್ತು. ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಮೂರು ಸೇರು ಹಿಡಿಯಬೇಕಾದ ಕೊಳಗ ನಾಲ್ಕು ಸೇರು ಹಿಡಿದರೆ, ನೂರು ಕೊಳಗ ಗೇಣಿ ಕೊಡುವವನ ಕಣದಿಂದ ಇನ್ನೂ ನೂರು ಸೇರು ಭತ್ತ ಸದ್ದಿಲ್ಲದೆ ಹೊರಟುಹೋಗುತ್ತದೆ. ಮಳೆಗಾಲದಲ್ಲಿ ಆ ಮನೆಯ ಮಕ್ಕಳ ಗಂಜಿಗೆ ಬೇಕಾದದ್ದು ಅದೇ ಭತ್ತ. ದೂರು ಕೊಡೋಣವೆಂದರೆ, ಬಾಯಿಮಾತಿನ ಗೇಣಿಗೆ ಕಾಗದವೆಲ್ಲಿ? ಅಳೆದದ್ದಕ್ಕೆ ರಸೀದಿಯೆಲ್ಲಿ? ತಲೆಮಾರುಗಳಿಂದ ಉತ್ತ ನೆಲದಲ್ಲಿ ತಾನು ಗೇಣಿದಾರನೆಂದು ತೋರಿಸಲು ರೈತನ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ದಾಖಲೆಯಿಲ್ಲದವನಿಗೆ ನ್ಯಾಯಾಲಯದ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಎಚ್. ಗಣಪತಿಯಪ್ಪನವರು ಈ ರೈತರನ್ನು ಸಂಘಟಿಸಿದ್ದರು. ಉಳುವ ಭೂಮಿಯೇ ಕೈತಪ್ಪುವ ಸ್ಥಿತಿ ಬಂದಾಗ, 1951ರ ಏಪ್ರಿಲ್ ತಿಂಗಳಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದರು. ಇದೇ ಕಾಗೋಡು ಸತ್ಯಾಗ್ರಹ. ಸತ್ಯಾಗ್ರಹಿಗಳು ತಂಡತಂಡವಾಗಿ ಸೆರೆ ಸೇರಿದರು. ಗೋಪಾಲಗೌಡರೂ ಅವರ ಸಂಗಡಿಗರೂ ಹಳ್ಳಿಯ ಈ ಹೋರಾಟವನ್ನು ನಾಡಿನ ಪ್ರಶ್ನೆಯನ್ನಾಗಿ ಬೆಳೆಸಿದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹ ಕೂಡಲೇ ಫಲ ಕೊಟ್ಟಿತೆಂದು ಹೇಳಲಾಗದು. ಮನೆಯ ದುಡಿಯುವ ಗಂಡಸರು ಜೈಲಿನಲ್ಲಿರುವಾಗ ಹೊಲಗೆಲಸ ನಿಲ್ಲುತ್ತದೆ. ಅದರ ಕಷ್ಟವನ್ನು ಉಂಡವರು ಹೆಂಗಸರು ಮತ್ತು ಮಕ್ಕಳು.

ಮರುವರ್ಷ, 1952ರ ಮೊದಲ ಮಹಾಚುನಾವಣೆಯಲ್ಲಿ, ಸಾಗರ ಮತ್ತು ಹೊಸನಗರದ ಮತದಾರರು ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿದರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕಾನೂನಿನ ಪದವಿಯಿಲ್ಲದ ತರುಣ ಕಾನೂನು ಮಾಡುವ ಸಭೆಯಲ್ಲಿ ಕುಳಿತ. ಅಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ಗೇಣಿದಾರನ ಪಾಡನ್ನು ಬಿಡದೆ ಹೇಳಿದರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂದು ಹಟ ಹಿಡಿದರು. ಕೋಪ ಅವರಿಗೆ ಬೇಗ ಬರುತ್ತಿತ್ತು. ಅದನ್ನು ದೋಷವೆನ್ನುವವರೂ ಉಂಟು; ಆದರೆ ಆ ಕೋಪ ತಮ್ಮ ಸ್ವಂತಕ್ಕಾಗಿ ಇರಲಿಲ್ಲ. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಪುನಃ ಗೆದ್ದರು. ಅವರ ಮಿತ್ರರೂ, ಆ ದಶಕದಲ್ಲಿ ಸಾಗರದ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಕವಿ ಗೋಪಾಲಕೃಷ್ಣ ಅಡಿಗರು ಅವರನ್ನು ಕುರಿತು ಕವಿತೆಯೊಂದನ್ನು ಬರೆದಿದ್ದಾರೆ.

ಈ ನಡುವೆ 1961ರಲ್ಲಿ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಅದನ್ನು ತರುವಲ್ಲಿ ಮಂಜಪ್ಪನವರ ಶ್ರಮ ದೊಡ್ಡದು. ಆದರೆ ಸ್ವಂತ ಬೇಸಾಯಕ್ಕೆಂದು ಒಡೆಯನು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವಿತ್ತು. ಒಳ್ಳೆಯ ಉದ್ದೇಶದ ಕಾನೂನೂ ಒಂದು ಕಿಂಡಿಯಿಂದ ಸೋರಿಹೋಗಬಲ್ಲುದು. ಉಳುವವನಿಗೇ ಭೂಮಿ ಸೇರಬೇಕೆಂಬ ಬೇಡಿಕೆಯನ್ನು ಗೋಪಾಲಗೌಡರು ಸದನದ ಒಳಗೂ ಹೊರಗೂ ಮುಂದುವರಿಸಿದರು. ಅದು ಈಡೇರುವುದನ್ನು ಅವರು ನೋಡಲಿಲ್ಲ. ದೀರ್ಘಕಾಲದ ಅನಾರೋಗ್ಯದ ಬಳಿಕ 1972ನೆಯ ಜೂನ್ 9ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಕಾಯಿದೆ 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಭೂಮಿಯೆಲ್ಲ ಸರ್ಕಾರದ ವಶವಾಗಿ, ಉಳುವವನು ಅದಕ್ಕಾಗಿ ಅರ್ಜಿ ಹಾಕಿಕೊಳ್ಳಬಹುದಾಯಿತು. ವಿಚಾರಣೆಗೆ ಭೂನ್ಯಾಯಮಂಡಳಿಗಳು ರಚನೆಯಾದವು. ಆ ಮಂಡಳಿಗಳ ಮುಂದೆ ವಕೀಲರು ವಾದಿಸುವಂತಿಲ್ಲವೆಂದು ಆಗಿನ ಕಾಯಿದೆ ವಿಧಿಸಿತ್ತು. ಏಳನೆಯ ನಮೂನೆಯ ಅರ್ಜಿ ಹಿಡಿದ ಗೇಣಿದಾರ, ತಾನು ಉಳುತ್ತಿದ್ದ ಗದ್ದೆ ಯಾವುದು, ಅದರ ಎಲ್ಲೆ ಎಲ್ಲಿಯವರೆಗೆ, ಎಷ್ಟು ಕೊಳಗ ಗೇಣಿ ಕೊಡುತ್ತಿದ್ದೆ ಎಂಬುದನ್ನು ತನ್ನ ಮಾತಿನಲ್ಲಿ ತಾನೇ ಹೇಳಿದ.